ಅಡಿಕೆ ಮರದ ತುದಿಯಲ್ಲಿ ನಕ್ಷತ್ರಗೊಂಚಲು

ತೀರ್ಥಹಳ್ಳಿ ಸೀಮೆಯ ಒಂಟಿಮನೆಯೊಂದರ ಹಿತ್ತಲು. ಏಪ್ರಿಲ್ ಕೊನೆಯ ವಾರದ ಅಮಾವಾಸ್ಯೆ. ಹಿಂದಿನ ಸಂಜೆ ಸುರಿದ ಭರಣಿ ಮಳೆಗೆ ಬೇಸಿಗೆಯ ದೂಳು, ತರಗು ಸುಟ್ಟ ಹೊಗೆ ಎರಡೂ ತೊಳೆದು ಹೋಗಿವೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ದೊಡ್ಡಮ್ಮ, ರಜೆಗೆ ಬೆಂಗಳೂರಿನಿಂದ ಬಂದ ತಂಗಿಯ ಮಗಳು. ಬಾವಿಕಟ್ಟೆಯ ಮೇಲೆ ಬೈನಾಕ್ಯುಲರ್, ಹುಲ್ಲಿನ ಮೇಲೆ ಆರು ಇಂಚು ಕನ್ನಡಿಯ ದೂರದರ್ಶಕ. ಮಾತು ಶುರುವಾದಾಗ ರಾತ್ರಿ ಎಂಟೂವರೆ.

— ದೊಡ್ಡಮ್ಮ, ಇದರ ಕೊಳವೆ ಪೂರ್ತಿ ಮಲಗಿಬಿಟ್ಟಿದೆಯಲ್ಲ! ಇಷ್ಟು ದೊಡ್ಡ ಆಕಾಶ ಮೇಲಿರುವಾಗ ಗದ್ದೆಯಂಚಿಗೆ ಯಾಕೆ ತಿರುಗಿಸಿದ್ದೀರಿ? ನೋಡುವುದಾದರೆ ನೆತ್ತಿಯ ಹತ್ತಿರ ಬಂದಾಗ ನೋಡಬೇಕು ಅಂತ ನಾನು ಓದಿದ್ದೇನೆ.

— ನೀನು ಓದಿದ್ದು ಸರಿಯೇ. ಆದರೆ ಅದು ಮೇಲೆ ಬರುವ ನಕ್ಷತ್ರಗಳಿಗೆ ಹೇಳಿದ ಮಾತು. ನಾನು ಇವತ್ತು ತೋರಿಸುವ ಗುಚ್ಛಗಳು ಬೆಳಗಿನ ತನಕ ಕಾದರೂ ನೆತ್ತಿಗೆ ಬರುವುದಿಲ್ಲ. ತೆಂಕಣದ ಅಂಚಿನಲ್ಲಿ ಏಳುತ್ತವೆ, ಅಡಿಕೆ ಮರದ ತುದಿ ಸವರಿಕೊಂಡು ನಾಲ್ಕಾರು ಗಂಟೆ ನಡೆಯುತ್ತವೆ, ಪಶ್ಚಿಮಕ್ಕೆ ಇಳಿದು ಮುಳುಗುತ್ತವೆ. ಅವುಗಳ ಇಡೀ ಬದುಕೇ ಕೆಳಗಿನ ಆಕಾಶದಲ್ಲಿ.

— ಎಷ್ಟು ಎತ್ತರಕ್ಕೆ ಬರುತ್ತವೆ ಅಂತ ಮೊದಲೇ ಗೊತ್ತಾಗುವುದು ಹೇಗೆ?

— ಕಳೆಯುವ ಲೆಕ್ಕ ಅಷ್ಟೇ. ನಮ್ಮ ಊರು ಭೂಮಧ್ಯರೇಖೆಯಿಂದ ಸುಮಾರು 13.7 ಡಿಗ್ರಿ ಉತ್ತರಕ್ಕಿದೆ. 90ರಲ್ಲಿ ಅದನ್ನು ಕಳೆ, 76.3 ಉಳಿಯಿತು. ನಕ್ಷತ್ರ ಆಕಾಶದ ಮಧ್ಯರೇಖೆಗಿಂತ ಎಷ್ಟು ಡಿಗ್ರಿ ದಕ್ಷಿಣಕ್ಕಿದೆಯೋ ಅಷ್ಟನ್ನು ಮತ್ತೆ ಕಳೆ. ಉಳಿದದ್ದು ಅದು ಏರಬಹುದಾದ ಎತ್ತರ. ಈಗ ನೋಡಲಿರುವ ದಕ್ಷಿಣ ಕೃತ್ತಿಕೆ 64.4 ಡಿಗ್ರಿ ದಕ್ಷಿಣದ್ದು. ಏರುವುದು ಎಷ್ಟಾಯಿತು?

— ಹನ್ನೆರಡು ಡಿಗ್ರಿ. ಅಷ್ಟೇನಾ?

— ಅಷ್ಟೇ. ಕೈ ನೀಟಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿ. ಮುಷ್ಟಿಯ ಅಗಲ ಹತ್ತು ಡಿಗ್ರಿ. ಕಿರುಬೆರಳಿನ ಅಗಲ ಒಂದು ಡಿಗ್ರಿ. ಗೇಣು ಬಿಚ್ಚಿದರೆ ಇಪ್ಪತ್ತರ ಆಸುಪಾಸು. ಗದ್ದೆಯ ಅಂಚಿನ ಮೇಲೆ ಒಂದು ಮುಷ್ಟಿ, ಅದರ ಮೇಲೆ ಎರಡು ಕಿರುಬೆರಳು ಇಡು. ಅದೇ ಜಾಗ.

— ಆ ಜಾಗದಲ್ಲಿ ಮನೆಯಂಗಳದಿಂದ ನೋಡಿದರೆ ಅಡಿಕೆ ಸೋಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದಕ್ಕೇ ಇಷ್ಟು ದೂರ ಹೊತ್ತು ತಂದಿರಾ?

— ಹೌದು. ನಮ್ಮ ಅಡಿಕೆ ಮರ ಸುಮಾರು 15 ಮೀಟರ್ ಎತ್ತರ. ಮೂವತ್ತು ಮೀಟರ್ ದೂರದಲ್ಲಿ ನಿಂತರೆ ಅದರ ತುದಿ 26 ಡಿಗ್ರಿಯ ತನಕ ಆಕಾಶವನ್ನು ಮುಚ್ಚುತ್ತೆ. ಎಪ್ಪತ್ತೈದು ಮೀಟರ್ ಹಿಂದಕ್ಕೆ ಬಂದರೆ 11 ಡಿಗ್ರಿಗೆ ಇಳಿಯುತ್ತೆ. ಬಾವಿಕಟ್ಟೆ ಸರಿಯಾಗಿ ಅಷ್ಟು ದೂರದಲ್ಲಿದೆ. ನೆತ್ತಿಯ ನಕ್ಷತ್ರವನ್ನು ಎಲ್ಲಿ ನಿಂತರೂ ನೋಡಬಹುದು. ಅಂಚಿನ ನಕ್ಷತ್ರಕ್ಕೆ ಹತ್ತು ಹೆಜ್ಜೆಯ ವ್ಯತ್ಯಾಸ ಸಾಕು, ಕಾಣುವುದು ಕಾಣದೇ ಹೋಗುತ್ತೆ. ಹಾಗಾಗಿ ಹಿತ್ತಲಿನ ಮೂಲೆಮೂಲೆಯನ್ನೂ ಅಳೆದು ಇಟ್ಟಿದ್ದೇನೆ.

— ಅಂಗಳದಲ್ಲಿ ಸಿಮೆಂಟು ಹಾಕಿದ ಜಾಗ ಇತ್ತಲ್ಲ, ಸಮತಟ್ಟಾಗಿ. ಹುಲ್ಲೇ ಯಾಕೆ?

— ಮೊದಲ ಎರಡು ಬೇಸಿಗೆ ನಾನೂ ಸಿಮೆಂಟಿನ ಮೇಲೇ ಇಟ್ಟೆ. ನಕ್ಷತ್ರಗಳು ಬಾಣಲೆಯ ಎಣ್ಣೆಯೊಳಗೆ ಇದ್ದ ಹಾಗೆ ಕುಲುಕುತ್ತಿದ್ದವು. ಕನ್ನಡಿ ಕೆಟ್ಟಿತೋ ಅಂದುಕೊಂಡೆ. ಆಮೇಲೆ ಕೈ ಇಟ್ಟು ನೋಡಿದರೆ, ರಾತ್ರಿ ಹತ್ತಕ್ಕೂ ನೆಲ ಬೆಚ್ಚಗಿತ್ತು. ಹಗಲು ಕುಡಿದ ಬಿಸಿಲನ್ನು ಸಿಮೆಂಟು ರಾತ್ರಿಯೆಲ್ಲ ಬಿಡುತ್ತೆ, ಹೆಂಚಿನ ಮಾಡೂ ಹಾಗೇ. ಆ ಬಿಸಿಗಾಳಿಯ ಮೂಲಕ ಹಾಯ್ದು ಬಂದ ಬೆಳಕು ನೇರ ನಿಲ್ಲುವುದಿಲ್ಲ. ಹುಲ್ಲು, ಮಣ್ಣು, ಗದ್ದೆ ಬೇಗ ತಣಿಯುತ್ತವೆ. ನೋಟದ ದಾರಿಯಲ್ಲಿ ಮನೆಯ ಮಾಡು ಸಿಗಬಾರದು, ನೆಲ ತಂಪಾಗಿರಬೇಕು. ಆ ಎರಡು ಪಾಠಕ್ಕೆ ಎರಡು ವರ್ಷ ಹೋಯಿತು. ಬಾ, ಒಂಬತ್ತಾಗುತ್ತಾ ಬಂತು. ಬೈನಾಕ್ಯುಲರ್ ತಗೊ, ಮೊಣಕೈ ಎರಡನ್ನೂ ಕಟ್ಟೆಗೆ ಊರು. ಕೈ ಅಲುಗಾಡಿದರೆ ಅರ್ಧ ನಕ್ಷತ್ರ ಮಾಯ.

— ಒಂದು ಪ್ರಕಾಶವಾದ ನಕ್ಷತ್ರ, ಅದರ ಸುತ್ತ ಚಿಕ್ಕವು. ಐದು, ಆರು… ಒಂಬತ್ತು ಎಣಿಸಿದೆ. ಕೃತ್ತಿಕೆಯ ಹಾಗೇ ಇದೆ, ಸ್ವಲ್ಪ ಮಂಕು.

— ದಕ್ಷಿಣ ಕೃತ್ತಿಕೆ ಅನ್ನುವ ಹೆಸರು ಬಂದದ್ದೇ ಆ ಹೋಲಿಕೆಯಿಂದ. ಇದೂ ತೆರೆದ ಗುಚ್ಛ. ಒಂದೇ ಮೋಡದಲ್ಲಿ ಹುಟ್ಟಿ ಇನ್ನೂ ಚದುರಿ ಹೋಗದ ಎಳೆಯ ನಕ್ಷತ್ರಗಳ ಗುಂಪು. ಸುಮಾರು 500 ಜ್ಯೋತಿರ್ವರ್ಷ ದೂರ, ಕೃತ್ತಿಕೆಗಿಂತ ಸ್ವಲ್ಪ ಆಚೆ. ಮಂಕು ಅಂದೆಯಲ್ಲ, ಅದಕ್ಕೆ ಮುಖ್ಯ ಕಾರಣ ಈ ಎತ್ತರ. ನೆತ್ತಿಯ ಮೇಲಿನ ಗಾಳಿಯನ್ನು ಒಂದು ಪಾಲು ಅಂತ ಇಟ್ಟುಕೊ. ಮೂವತ್ತು ಡಿಗ್ರಿ ಎತ್ತರದಲ್ಲಿ ಬೆಳಕು ಎರಡು ಪಾಲು ಗಾಳಿ ದಾಟಬೇಕು. ಹನ್ನೆರಡರಲ್ಲಿ ಹತ್ತಿರ ಹತ್ತಿರ ಐದು ಪಾಲು. ದಾರಿಯಲ್ಲಿ ದೂಳು ಮತ್ತು ನೀರಾವಿ ತಮ್ಮ ಪಾಲು ಕಿತ್ತುಕೊಂಡು ಉಳಿದದ್ದನ್ನು ನಮಗೆ ಕೊಡುತ್ತವೆ.

— ಅದಕ್ಕೇ ಮಳೆ ಬಂದ ಮರುದಿನ ಬೇಕು ಅಂದಿರಾ?

— ಹೌದು. ಮಾರ್ಚ್ ತಿಂಗಳಲ್ಲಿ ಮೋಡ ಇರುವುದಿಲ್ಲ ನಿಜ, ಆದರೆ ಅಂಚು ಹೊಗೆಯಿಂದ ಕಂದಿರುತ್ತೆ. ಜೂನ್ ಬಂತು ಅಂದರೆ ಮಲೆನಾಡಿನಲ್ಲಿ ನಾಲ್ಕು ತಿಂಗಳು ಆಕಾಶದ ಮಾತೇ ಇಲ್ಲ. ನಡುವೆ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಸಂಜೆ ಗುಡುಗಿ ಸುರಿದು, ರಾತ್ರಿಗೆ ಬಾನು ತೆರೆದು ಹೋಗುವ ಐದಾರು ವಾರ ಇದೆಯಲ್ಲ, ತೆಂಕಣದ ಗುಚ್ಛಗಳಿಗೆ ಅದೇ ಸುಗ್ಗಿ. ಅದರಲ್ಲೂ ಅಮಾವಾಸ್ಯೆಯ ಆಚೀಚೆಯ ರಾತ್ರಿಗಳು ಮಾತ್ರ. ವರ್ಷಕ್ಕೆ ಎಂಟೋ ಹತ್ತೋ ರಾತ್ರಿ ಸಿಕ್ಕರೆ ಪುಣ್ಯ. ಈಗ ಅಲ್ಲಿಂದ ಮೇಲಕ್ಕೆ, ಸ್ವಲ್ಪ ಎಡಕ್ಕೆ ಬಾ. ಐದಾರು ಡಿಗ್ರಿ.

— ಅಯ್ಯೋ, ಇದೇನು! ಎಣಿಸಲಿಕ್ಕೇ ಆಗುತ್ತಿಲ್ಲ. ಕಪ್ಪು ಬಟ್ಟೆಯ ಮೇಲೆ ಸಿಂಗಾರದ ಹೂ ಉದುರಿಸಿದ ಹಾಗಿದೆ.

— ಸರಿಯಾದ ಮಾತು ಹೇಳಿದೆ. ಪಟ್ಟಿಯಲ್ಲಿ ಅದರ ಹೆಸರು ಎನ್‌ಜಿಸಿ 3532. ಹುಣ್ಣಿಮೆ ಚಂದ್ರನ ಎರಡರಷ್ಟು ಅಗಲ ಹರಡಿದೆ. 1990ರ ಮೇ 20ರಂದು ಹಬಲ್ ದೂರದರ್ಶಕ ಬಾಹ್ಯಾಕಾಶದಿಂದ ಮೊಟ್ಟಮೊದಲ ಚಿತ್ರ ತೆಗೆದದ್ದು ಇದೇ ಗುಚ್ಛದ ಒಂದು ತುಣುಕಿನದು. ನಾನು ಆ ಸುದ್ದಿ ಓದಿದಾಗ ಈ ಗುಚ್ಛ ನಮ್ಮ ಹಿತ್ತಲಿಗೂ ಬರುತ್ತೆ ಅಂತ ತಿಳಿದಿರಲಿಲ್ಲ. ತಿಳಿದ ದಿನ ರಾತ್ರಿ ಇಲ್ಲಿಗೆ ಬಂದು ನಿಂತೆ. ಹದಿನೇಳು ಡಿಗ್ರಿ ಎತ್ತರ, ತೋಟದ ತುದಿಯಿಂದ ಒಂದು ಕೈ ಮೇಲೆ.

— ಇದನ್ನು ಮೊದಲು ಕಂಡವರು ಯಾರು?

— ಬರಿಗಣ್ಣಿಗೂ ಮಸುಕಾಗಿ ಕಾಣುವ ವಸ್ತು ಇದು, ಹಾಗಾಗಿ ಯಾರ ಕಣ್ಣಿಗೆ ಮೊದಲು ಬಿತ್ತು ಅಂತ ಹೇಳುವಂತಿಲ್ಲ. ಬರೆದಿಟ್ಟವನು ಫ್ರಾನ್ಸಿನ ಲಕಾಯ್. 1751ರಲ್ಲಿ ಆಫ್ರಿಕಾದ ಗುಡ್‌ಹೋಪ್ ಭೂಶಿರಕ್ಕೆ ಹಡಗಿನಲ್ಲಿ ಬಂದು ಇಳಿದ. ಅವನ ದೂರದರ್ಶಕದ ಗಾಜು ಅರ್ಧ ಇಂಚು ಮಾತ್ರ, ಹಿಗ್ಗಿಸುವುದು ಎಂಟು ಪಟ್ಟು. ನಿನ್ನ ಕೈಯ ಬೈನಾಕ್ಯುಲರ್ ಹತ್ತು ಪಟ್ಟಿನದು, ಅದರ ಒಂದೊಂದು ಗಾಜೂ ಎರಡು ಇಂಚಿನದು. ಆ ಚಿಕ್ಕ ಉಪಕರಣದಲ್ಲಿ ಅವನು ಹತ್ತು ಸಾವಿರದಷ್ಟು ನಕ್ಷತ್ರಗಳ ಸ್ಥಾನ ಅಳೆದ, ಮಂಜಿನಂತೆ ಕಂಡ 42 ವಸ್ತುಗಳ ಪಟ್ಟಿ ಮಾಡಿದ. ಅವನ ನಂತರ ಪ್ಯಾರಿಸ್ಸಿನಲ್ಲಿ ಪ್ರಸಿದ್ಧ ಪಟ್ಟಿ ಮಾಡಿದ ಮೆಸ್ಸಿಯೇಗೆ ನಾವು ಇವತ್ತು ನೋಡುವ ಗುಚ್ಛಗಳು ಯಾವುವೂ ಕಾಣಸಿಗಲಿಲ್ಲ. ಅವನ ಪಟ್ಟಿಯಲ್ಲಿ ಅತ್ಯಂತ ದಕ್ಷಿಣದ್ದು ವೃಶ್ಚಿಕದ ಬಾಲದ ಹತ್ತಿರ ಇರುವ ಏಳನೆಯ ಗುಚ್ಛ. ಪ್ಯಾರಿಸ್ಸಿನಿಂದ ಅದು ಆರು ಡಿಗ್ರಿ ಮೇಲಕ್ಕೆ ಬರುತ್ತೆ ಅಷ್ಟೇ. ನಮ್ಮಲ್ಲಿ 41.

— ಅಂದರೆ ಅವರ ಆಕಾಶದ ಹೊಸ್ತಿಲು ನಮ್ಮ ಆಕಾಶದ ನಡುಮನೆ.

— ಹೌದು ಮಗಳೇ. ಹಾಗೇ, ಅವರಿಗೆ ಮನೆಯ ಹೊರಗೇ ಉಳಿದದ್ದು ನಮ್ಮ ಹೊಸ್ತಿಲಿನ ತನಕ ಬರುತ್ತೆ. ಬಾಗಿಲು ತೆರೆದು ನೋಡುವುದು ನಮ್ಮ ಕೆಲಸ.

— ಹತ್ತೂವರೆ ಆಯಿತು. ಮೊದಲಿಗಿಂತ ನಕ್ಷತ್ರಗಳು ಜಾಸ್ತಿ ಕಾಣುತ್ತಿವೆ. ಬಾನು ಇನ್ನೂ ತಿಳಿಯಾಯಿತಾ, ನನ್ನ ಕಣ್ಣು ಹೊಂದಿಕೊಂಡಿತಾ?

— ಕಣ್ಣೇ. ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಶುರು. ನನ್ನ ಬ್ಯಾಟರಿಗೆ ಕೆಂಪು ಕಾಗದ ಕಟ್ಟಿದ್ದು ಅದಕ್ಕೇ. ಈಗ ನೇರ ತೆಂಕಣಕ್ಕೆ ನೋಡು, ನಾಲ್ಕು ನಕ್ಷತ್ರದ ಗಾಳಿಪಟ ನಿಂತಿದೆ.

— ತ್ರಿಶಂಕು! ಇಷ್ಟು ನೆಟ್ಟಗೆ ನಿಂತದ್ದನ್ನು ನೋಡಿಯೇ ಇರಲಿಲ್ಲ.

— ತೆಂಕಣದ ರೇಖೆ ದಾಟುವ ಹೊತ್ತಿಗೆ ಮಾತ್ರ ಹಾಗೆ ನಿಲ್ಲುತ್ತೆ. ಬುಡದ ನಕ್ಷತ್ರ 13 ಡಿಗ್ರಿ, ತಲೆಯದು 19. ವಿಶ್ವಾಮಿತ್ರ ಮೇಲಕ್ಕೆ ಕಳಿಸಿದ, ಇಂದ್ರ ಕೆಳಕ್ಕೆ ತಳ್ಳಿದ, ಅವನು ನಡುವೆ ತೂಗಿದ. ಭೂಮಿಗೂ ಸ್ವರ್ಗಕ್ಕೂ ನಡುವೆ ತೂಗುವವನಿಗೆ ಈ ಎತ್ತರಕ್ಕಿಂತ ಒಪ್ಪುವ ಜಾಗ ಬೇರೆ ಇಲ್ಲ. ಎಡಗೈಯ ನಕ್ಷತ್ರ ಇದೆಯಲ್ಲ, ಅದರ ಪಕ್ಕದಲ್ಲೇ, ಒಂದು ಕಿರುಬೆರಳಿನ ದೂರದಲ್ಲಿ ಒಂದು ಪುಟ್ಟ ಮಸುಕು. ಈಗ ದೂರದರ್ಶಕಕ್ಕೆ ಬಾ. ಮಣೆ ಹಾಕಿದ್ದೇನೆ, ಕೂತುಕೊ. ಕೊಳವೆ ಇಷ್ಟು ಮಲಗಿದಾಗ ನಿಂತು ನೋಡಲು ಆಗುವುದಿಲ್ಲ.

— ಚಿಕ್ಕ ತ್ರಿಕೋನ. ನೀಲಿ ಬಿಳುಪಿನ ನಕ್ಷತ್ರಗಳು. ನಡುವೆ ಒಂದು ಮಾತ್ರ ಕೆಂಪಗಿದೆಯಲ್ಲ?

— ಆ ಕೆಂಪನ್ನು ನೀನಾಗಿ ಕಾಣಲಿ ಅಂತ ನಾನು ಮೊದಲೇ ಹೇಳಲಿಲ್ಲ. ಅದು ಆಭರಣದ ಪೆಟ್ಟಿಗೆ. ಜಾನ್ ಹರ್ಷಲ್ 1834ರಿಂದ ನಾಲ್ಕು ವರ್ಷ ಗುಡ್‌ಹೋಪ್‌ನಲ್ಲಿ ಕೂತು ತೆಂಕಣದ ಆಕಾಶವನ್ನು ಗುಡಿಸಿದ ಹಾಗೆ ನೋಡಿದವನು. ಬಣ್ಣಬಣ್ಣದ ರತ್ನಗಳ ಪೆಟ್ಟಿಗೆಗೆ ಇದನ್ನು ಹೋಲಿಸಿದವನು ಅವನೇ. ಸುಮಾರು 6,400 ಜ್ಯೋತಿರ್ವರ್ಷ ದೂರ. ಬಲು ಎಳೆಯ ಗುಚ್ಛ, ವಯಸ್ಸು ಕೋಟಿ ವರ್ಷದ ಆಸುಪಾಸು. ಅದರಲ್ಲಿ ಆ ಒಂದು ದೈತ್ಯ ನಕ್ಷತ್ರ ಆಗಲೇ ಉಬ್ಬಿ ಕೆಂಪಾಗಿದೆ. ಭಾರಿ ನಕ್ಷತ್ರಗಳು ಉರುವಲನ್ನು ಬೇಗ ಉರಿಸಿ ಮುಗಿಸುತ್ತವೆ.

— ಹದಿನಾರು ಡಿಗ್ರಿ ಎತ್ತರದಲ್ಲೂ ಬಣ್ಣ ಉಳಿದಿದೆಯಲ್ಲ. ಆದರೆ ಪ್ರತಿ ನಕ್ಷತ್ರದ ಅಂಚಿನಲ್ಲೂ ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ಇದೆ. ಅದೂ ನಕ್ಷತ್ರದ್ದೇನಾ?

— ಅಲ್ಲ. ಅದು ಗಾಳಿ ಮಾಡಿದ ಕೆಲಸ. ಕೆಳಗಿನ ಆಕಾಶದಲ್ಲಿ ಗಾಳಿ ಪಟ್ಟಕದ ಹಾಗೆ ಬೆಳಕನ್ನು ಬಾಗಿಸುತ್ತೆ. ನೀಲಿಯನ್ನು ಸ್ವಲ್ಪ ಹೆಚ್ಚು, ಕೆಂಪನ್ನು ಸ್ವಲ್ಪ ಕಡಿಮೆ. ಬಾಗಿಸುವುದರಿಂದ ಒಂದು ಉಪಕಾರವೂ ಇದೆ. ಅಂಚಿನಲ್ಲಿರುವುದನ್ನೆಲ್ಲ ಅದು ಇದ್ದ ಜಾಗಕ್ಕಿಂತ ಕೊಂಚ ಎತ್ತಿ ತೋರಿಸುತ್ತೆ. ಸರಿಯಾಗಿ ದಿಗಂತದ ಮೇಲಿರುವ ನಕ್ಷತ್ರ ಅರ್ಧ ಡಿಗ್ರಿಗಿಂತ ಹೆಚ್ಚು ಮೇಲಕ್ಕೆ ಎದ್ದಿರುತ್ತೆ. ಬೆಳಕು ಕಿತ್ತುಕೊಳ್ಳುವ ಗಾಳಿಯೇ ಎತ್ತಿ ಹಿಡಿಯುವುದೂ ಹೌದು.

— ದೊಡ್ಡಮ್ಮ, ತ್ರಿಶಂಕುವನ್ನು ನಮ್ಮ ಹಿಂದಿನವರೂ ಇಷ್ಟೇ ಕೆಳಗೆ ನೋಡಿದ್ದರಾ?

— ಒಳ್ಳೆಯ ಪ್ರಶ್ನೆ. ಇಲ್ಲ, ಇನ್ನೂ ಮೇಲೆ ನೋಡಿದ್ದರು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನ ತಲೆದೂಗುತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಆ ತೂಗಾಟದಲ್ಲಿ ಆಕಾಶದ ಈ ಭಾಗ ನಮ್ಮಿಂದ ಕೆಳಕ್ಕೆ ಇಳಿಯುತ್ತಿದೆ. ಎರಡು ಸಾವಿರ ವರ್ಷದ ಹಿಂದೆ ಇದೇ ಊರಿನಿಂದ ನೋಡಿದ್ದರೆ ತ್ರಿಶಂಕು ಇನ್ನೊಂದು ಮುಷ್ಟಿ ಮೇಲಿರುತ್ತಿತ್ತು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ, ಈಗ ನಾವು ನೋಡಲಿರುವ ಒಮೇಗಾ ಸೆಂಟಾರಿ ಗುಚ್ಛವನ್ನು ತನ್ನ ಪಟ್ಟಿಯಲ್ಲಿ ನಕ್ಷತ್ರವೆಂದೇ ಬರೆದುಕೊಳ್ಳಲು ಆದದ್ದು ಅಂದು ಅದು ಅಷ್ಟು ಮೇಲೆ ಇದ್ದುದರಿಂದ. ಇಳಿಯುವ ವೇಗ ಹೆಚ್ಚುಕಡಿಮೆ 190 ವರ್ಷಕ್ಕೆ ಒಂದು ಡಿಗ್ರಿ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ಲೆಕ್ಕ ನೆನಪಿಟ್ಟುಕೊ, ಮತ್ತೆ ಬೇಕಾಗುತ್ತೆ.

— ಒಮೇಗಾ ಎಲ್ಲಿ ಹುಡುಕಲಿ?

— ಹನ್ನೊಂದೂವರೆ ಆಗಲಿ. ಅಲ್ಲಿಯ ತನಕ ಮೇಲೆ ನೋಡು. ಆ ಒಂಟಿ ಬಿಳಿ ನಕ್ಷತ್ರ ಚಿತ್ತೆ. ಚೈತ್ರದ ಹುಣ್ಣಿಮೆ ಚಂದ್ರ ಅದರ ಹತ್ತಿರ ನಿಲ್ಲುವುದರಿಂದಲೇ ತಿಂಗಳಿಗೆ ಆ ಹೆಸರು. ಚಿತ್ತೆ ಮತ್ತು ಒಮೇಗಾ ತೆಂಕಣದ ರೇಖೆಯನ್ನು ಒಟ್ಟಿಗೆ ದಾಟುತ್ತವೆ. ಒಂದರ ಕೆಳಗೆ ಇನ್ನೊಂದು, ತೂಗುಗುಂಡು ಬಿಟ್ಟ ಹಾಗೆ. ನಡುವಿನ ಅಂತರ 36 ಡಿಗ್ರಿ. ಯುಗಾದಿಯ ಅಮಾವಾಸ್ಯೆಗೆ ಇವು ರೇಖೆಗೆ ಬರಲು ರಾತ್ರಿ ಒಂದೂವರೆ ಆಗುತ್ತಿತ್ತು. ಇವತ್ತು ಹನ್ನೊಂದೂವರೆ. ಮುಂದಿನ ಅಮಾವಾಸ್ಯೆಗೆ ಒಂಬತ್ತೂವರೆಗೇ ಬರುತ್ತವೆ. ಆದರೆ ಆಗ ರೋಹಿಣಿ ಮಳೆಯ ಮೋಡ.

— ಚಿತ್ತೆಯಿಂದ ಕೆಳಕ್ಕೆ ಮೂರೂವರೆ ಮುಷ್ಟಿ. ಒಂದು… ಎರಡು… ಮೂರು… ಒಂದು ಮಂಕು ನಕ್ಷತ್ರ ಇದೆ. ಸ್ವಲ್ಪ ಊದಿಕೊಂಡ ಹಾಗಿದೆ. ನೇರ ನೋಡಿದರೆ ಮರೆಯಾಗುತ್ತೆ.

— ಓರೆಗಣ್ಣಿನಿಂದ ನೋಡು. ಅದರ ಪಕ್ಕದ ಕತ್ತಲೆಯ ಮೇಲೆ ದೃಷ್ಟಿ ಇಡು, ಅದು ತಾನಾಗಿ ತುಂಬಿಕೊಳ್ಳುತ್ತೆ. ಮಂದ ಬೆಳಕನ್ನು ಹಿಡಿಯುವ ಕಣಗಳು ಕಣ್ಣಿನ ನಡುವಿಗಿಂತ ಸುತ್ತಲೂ ಹೆಚ್ಚು.

— ಹೌದು! ಈಗ ತುಂಬಿತು. ಚುಕ್ಕಿ ಅಲ್ಲ, ಹತ್ತಿಯ ಎಳೆ.

— ಅದೇ. 1603ರಲ್ಲಿ ಬೇಯರ್ ತನ್ನ ನಕ್ಷೆಯಲ್ಲಿ ಅದಕ್ಕೆ ನಕ್ಷತ್ರಕ್ಕೆ ಕೊಡುವ ಹಾಗೆ ಗ್ರೀಕ್ ಅಕ್ಷರ ಕೊಟ್ಟ, ಒಮೇಗಾ ಅಂತ. ಅದು ನಕ್ಷತ್ರವಲ್ಲ ಅಂತ ಗುರುತಿಸಿದವನು ಎಡ್ಮಂಡ್ ಹ್ಯಾಲಿ. 1677ರಲ್ಲಿ, ಸೇಂಟ್ ಹೆಲೆನಾ ದ್ವೀಪದಲ್ಲಿ. ಆಗ ಅವನಿಗೆ ಇಪ್ಪತ್ತು ವರ್ಷ, ನಿನಗಿಂತ ಚಿಕ್ಕವನು. ಈಗ ಬಾ, ಕಣ್ಣು ಇಡು. 48 ಪಟ್ಟು ಹಾಕಿದ್ದೇನೆ. ಉಸಿರು ಬಿಗಿ ಹಿಡಿಯಬೇಡ, ನಿಧಾನ ನೋಡು. ನಾನು ಮಾತಾಡುವುದಿಲ್ಲ.

— …ದೊಡ್ಡಮ್ಮ.

— ಹೂಂ.

— ರಂಗೋಲಿ ಪುಡಿಯನ್ನು ಕಪ್ಪು ಕಲ್ಲಿನ ಮೇಲೆ ಬಿಟ್ಟ ಹಾಗಿದೆ. ನಡುವೆ ದಟ್ಟ ಬಿಳುಪು. ಅಂಚಿಗೆ ಬಂದ ಹಾಗೆ ಕಾಳುಕಾಳು. ಗಾಳಿ ಒಂದು ಕ್ಷಣ ನಿಂತಾಗ ಕಾಳುಗಳು ನಡುವಿನ ತನಕ ಬಿಡಿಬಿಡಿಯಾಗುತ್ತವೆ, ಮತ್ತೆ ಬೆರೆತು ಹೋಗುತ್ತವೆ. ಇದರಲ್ಲಿ ಎಷ್ಟು ನಕ್ಷತ್ರ ಇವೆ?

— ಒಂದು ಕೋಟಿಯಷ್ಟು. ನಮ್ಮ ಹಾಲುಹಾದಿಯಲ್ಲಿ ಇದಕ್ಕಿಂತ ದೊಡ್ಡ ಗೋಳಗುಚ್ಛ ಇಲ್ಲ. ಈಗ ನಿನ್ನ ಕಣ್ಣಿಗೆ ಬಿದ್ದ ಬೆಳಕು ಹೊರಟು ಸುಮಾರು 17,000 ವರ್ಷ ಆಯಿತು. ಗುಂಪಿನ ಈ ಅಂಚಿನಿಂದ ಆ ಅಂಚಿಗೆ ಹೋಗಲು ಬೆಳಕಿಗೇ ನೂರೈವತ್ತು ವರ್ಷ ಬೇಕು. ಆಗ ನೋಡಿದ ತೆರೆದ ಗುಚ್ಛಗಳು ಮಕ್ಕಳ ಗುಂಪು, ಬೆಳೆದ ಹಾಗೆ ಚದುರಿ ಹೋಗುತ್ತವೆ. ಇದು ಸಾವಿರ ಕೋಟಿ ವರ್ಷ ದಾಟಿದ ಮುದುಕರ ಊರು. ಒಂದರ ಎಳೆತಕ್ಕೆ ಇನ್ನೊಂದು ಸಿಕ್ಕಿ ಬಿಗಿಯಾಗಿ ಉಳಿದಿದೆ.

— ಇಂಥ ಊರು ಹೇಗೆ ಕಟ್ಟಿತು?

— ಇದರಲ್ಲಿರುವ ನಕ್ಷತ್ರಗಳೆಲ್ಲ ಒಂದೇ ತಲೆಮಾರಿನವಲ್ಲ ಅಂತ ಬೆಳಕಿನ ಪರೀಕ್ಷೆಯಿಂದ ತಿಳಿದಿದೆ. ಒಂದು ಕಾಲದಲ್ಲಿ ಇದು ಪುಟ್ಟ ಗೆಲಾಕ್ಸಿಯೇ ಆಗಿತ್ತು, ನಮ್ಮ ಹಾಲುಹಾದಿ ಅದರ ಹೊರಪದರವನ್ನು ಸುಲಿದುಕೊಂಡಿತು, ತಿರುಳು ಉಳಿಯಿತು ಅಂತ ಅನೇಕ ವಿಜ್ಞಾನಿಗಳ ಅಭಿಪ್ರಾಯ. 2024ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಇದರ ನಡುವೆ ಏಳು ನಕ್ಷತ್ರಗಳು ವಿಪರೀತ ವೇಗದಲ್ಲಿ ಓಡುತ್ತಿರುವುದನ್ನು ಹಬಲ್ ಚಿತ್ರಗಳಲ್ಲಿ ಗುರುತಿಸಿದರು. ಅಷ್ಟು ವೇಗದಲ್ಲೂ ಅವು ತಪ್ಪಿಸಿಕೊಂಡು ಹೋಗಿಲ್ಲ ಅಂದರೆ, ನಡುವೆ ಕನಿಷ್ಠ 8,200 ಸೂರ್ಯರ ತೂಕದ ಕಪ್ಪುಕುಳಿ ಇರಬೇಕು ಅಂತ ಅವರ ಲೆಕ್ಕ. ನೀನು ಈಗ ನೋಡುತ್ತಿರುವ ಬಿಳುಪಿನ ಒಳಗೇ ಅದೆಲ್ಲ ಇದೆ.

— ಇದನ್ನು ನೋಡಲು ಹ್ಯಾಲಿ, ಲಕಾಯ್, ಹರ್ಷಲ್ ಎಲ್ಲ ಹಡಗು ಹತ್ತಿದರು. ನಾವು ಊಟ ಮಾಡಿ, ಹಿಂದಿನ ಬಾಗಿಲು ತೆಗೆದು ಬಂದೆವು.

— ಆ ಅನುಕೂಲ ಗೊತ್ತಿದ್ದವರು ಹಿಂದೆಯೂ ಇದ್ದರು. ತ್ರಿಶಂಕುವಿನ ಎಡಕ್ಕೆ ಎರಡು ಪ್ರಕಾಶದ ನಕ್ಷತ್ರಗಳಿವೆ ನೋಡು. ಎಡತುದಿಯದು ಆಲ್ಫಾ ಸೆಂಟಾರಿ, ನಮ್ಮ ಅತಿ ಹತ್ತಿರದ ನೆರೆಮನೆ. ಅದು ಒಂದಲ್ಲ, ಜೋಡಿ ಅಂತ ಮೊದಲು ಕಂಡದ್ದು ಪುದುಚೇರಿಯಲ್ಲಿ, 1689ರಲ್ಲಿ. ರಿಶೋ ಎಂಬ ಜೆಸ್ಯುಟ್ ಪಾದ್ರಿ ಧೂಮಕೇತು ನೋಡುತ್ತಿದ್ದಾಗ ಕಣ್ಣಿಗೆ ಬಿತ್ತು. ಹತ್ತಿರ ಹತ್ತಿರ ಮೂರು ಶತಮಾನದ ನಂತರ ಖಗೋಳವಿಜ್ಞಾನಿ ವೈನು ಬಪ್ಪು ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯ ಕಟ್ಟಲು ಹೊರಟಾಗಲೂ, 12.6 ಡಿಗ್ರಿಯ ಆ ಜಾಗದಿಂದ ತೆಂಕಣದ ಆಕಾಶ ಚೆನ್ನಾಗಿ ಸಿಗುತ್ತೆ ಅನ್ನುವುದು ಒಂದು ಮುಖ್ಯ ಕಾರಣ. ಲಡಾಖಿನ ಹಾನ್ಲೆ ಗೊತ್ತಲ್ಲ?

— ನಾಲ್ಕೂವರೆ ಸಾವಿರ ಮೀಟರ್ ಎತ್ತರದ ವೀಕ್ಷಣಾಲಯ. ಅಲ್ಲಿನ ದೂರದರ್ಶಕವನ್ನು ಬೆಂಗಳೂರು ಹತ್ತಿರದ ಹೊಸಕೋಟೆಯಿಂದ ನಡೆಸುತ್ತಾರೆ. 2022ರಲ್ಲಿ ಅದನ್ನು ಕತ್ತಲೆ ಬಾನಿನ ಮೀಸಲು ಪ್ರದೇಶ ಅಂತಲೂ ಘೋಷಿಸಿದರು.

— ಅಲ್ಲಿನ ಕತ್ತಲೆಗೆ ನಮ್ಮದು ಸಾಟಿಯಲ್ಲ. ಆದರೆ ಲೆಕ್ಕ ಹಾಕು. ಹಾನ್ಲೆ 32.8 ಡಿಗ್ರಿ ಉತ್ತರ. ಅಲ್ಲಿ ಒಮೇಗಾ ಹತ್ತು ಡಿಗ್ರಿಯೂ ಏರುವುದಿಲ್ಲ. ತ್ರಿಶಂಕುವಿನ ಬುಡದ ನಕ್ಷತ್ರ ಹುಟ್ಟುವುದೇ ಇಲ್ಲ. ದೇಶದ ಅತ್ಯುತ್ತಮ ಆಕಾಶಕ್ಕೂ ಸಿಗದ್ದು ಈ ಬಾವಿಕಟ್ಟೆಗೆ ಸಿಕ್ಕಿದೆ. ಸಿಕ್ಕಿದೆ ಅಂದ ಮೇಲೆ ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ.

— ಹೊಣೆ ಅಂದರೆ?

— ತೋಟದ ಬಲಕ್ಕೆ, ಗುಡ್ಡದ ಆಚೆ ನೋಡು. ಏನು ಕಾಣುತ್ತೆ?

— ಹಳದಿ ಬೆಳಕು. ಚಂದ್ರ ಹುಟ್ಟುವಾಗ ಇರುವ ಹಾಗೆ. ಇವತ್ತು ಅಮಾವಾಸ್ಯೆಯಲ್ಲವಾ?

— ಅದು ಪೇಟೆ. ಪೇಟೆಯ ಬೆಳಕು ಮೊದಲು ನುಂಗುವುದು ಈ ಅಂಚನ್ನೇ. ದೂರದ ದೀಪಗಳ ಬೆಳಕು ದೂಳಿಗೆ, ಆವಿಗೆ ಬಡಿದು ದಿಗಂತದಲ್ಲಿ ಗುಮ್ಮಟ ಕಟ್ಟುತ್ತೆ. ನೆತ್ತಿಯ ಮೇಲೆ ನಕ್ಷತ್ರ ತುಂಬಿರುವಾಗಲೇ ಕೆಳಗಿನ ಹದಿನೈದು ಡಿಗ್ರಿ ಹೋಗಿಬಿಟ್ಟಿರುತ್ತೆ. ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ನೋಡುವವರೇ ಇಲ್ಲ. ನಾನು ಇಲ್ಲಿ ನೋಡಲು ಶುರು ಮಾಡಿದಾಗ ಗುಡ್ಡದ ಮೇಲೆ ಬೆಳಕಿರಲಿಲ್ಲ. ಈಗ ಅದು ಆರು ಡಿಗ್ರಿ ಏರಿದೆ. ಮುಷ್ಟಿ ಇಟ್ಟು ಅಳೆದು ಪುಸ್ತಕದಲ್ಲಿ ಬರೆದಿದ್ದೇನೆ. ಆಗಿನ ಲೆಕ್ಕ ನೆನಪಿದೆಯಾ?

— 190 ವರ್ಷಕ್ಕೆ ಒಂದು ಡಿಗ್ರಿ.

— ಭೂಮಿ ತನ್ನ ಲೆಕ್ಕದಲ್ಲಿ ಆರು ಡಿಗ್ರಿ ಕೆಳಗಿಳಿಸಲು ಸಾವಿರದ ನೂರು ವರ್ಷ ತೆಗೆದುಕೊಳ್ಳುತ್ತೆ. ನಾವು ಹನ್ನೆರಡು ವರ್ಷದಲ್ಲಿ ಅಷ್ಟನ್ನು ಮುಚ್ಚಿದೆವು.

— ದೀಪ ಬೇಡ ಅನ್ನಲಾಗುವುದಿಲ್ಲವಲ್ಲ. ರಸ್ತೆಯಲ್ಲಿ ಜನ ಓಡಾಡಬೇಕು, ತೋಟಕ್ಕೆ ಕಾಡುಹಂದಿ ಬರುತ್ತೆ.

— ಬೇಡ ಅನ್ನಲೇಬಾರದು. ಎರಡು ವರ್ಷದ ಹಿಂದೆ ಪಕ್ಕದ ತೋಟದವರು ಹಂದಿಗೆಂದು ದೊಡ್ಡ ಎಲ್‌ಇಡಿ ದೀಪ ಹಾಕಿಸಿದರು. ಅದು ನೇರ ನಮ್ಮ ಬಾವಿಕಟ್ಟೆಗೆ ಹೊಡೆಯುತ್ತಿತ್ತು. ನಾನು ದೂರು ಹೇಳಲು ಹೋಗಲಿಲ್ಲ. ಒಂದು ರಾತ್ರಿ ಮನೆಯವರನ್ನೆಲ್ಲ ಕರೆದು ಒಮೇಗಾ ತೋರಿಸಿದೆ. ಆಮೇಲೆ ಅವರೇ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ದೀಪಕ್ಕೆ ಮರೆ ಕಟ್ಟಿದರು. ಮೊದಲು ಅರ್ಧ ಬೆಳಕು ಆಕಾಶಕ್ಕೆ ಹೋಗುತ್ತಿತ್ತು. ಈಗ ಎಲ್ಲ ನೆಲಕ್ಕೆ ಬೀಳುತ್ತೆ, ತೋಟ ಮೊದಲಿಗಿಂತ ಚೆನ್ನಾಗಿ ಕಾಣುತ್ತೆ. ಹೋದ ವರ್ಷ ಆ ಬದಿಯ ಹಳ್ಳದಲ್ಲಿ ಮಿಣುಕುಹುಳಗಳೂ ಮತ್ತೆ ಬಂದವು. ತಗಡಿಗೆ ಖರ್ಚಾದದ್ದು ಏನೂ ಇಲ್ಲ.

— ಬೆಂಗಳೂರಿನಲ್ಲಿ ಇದೆಲ್ಲ ಆಗುತ್ತಾ ದೊಡ್ಡಮ್ಮ? ಅಲ್ಲಿ ನಮಗೆ ಆಕಾಶವೇ ಇಲ್ಲ.

— ನಿಮ್ಮ ತಾರಸಿಯಿಂದಲೂ ತ್ರಿಶಂಕು ಕಾಣುತ್ತೆ, ತೆಂಕಣಕ್ಕೆ ದೊಡ್ಡ ಕಟ್ಟಡ ಇಲ್ಲದಿದ್ದರೆ. ನಮಗಿಂತ ಮುಕ್ಕಾಲು ಡಿಗ್ರಿಯಷ್ಟು ಮೇಲೇ ಬರುತ್ತೆ. ಮಳೆ ಬಂದು ಹೋದ ರಾತ್ರಿ ಬೈನಾಕ್ಯುಲರ್ ಹಿಡಿದು ಚಿತ್ತೆಯ ಕೆಳಗೆ ಮೂರೂವರೆ ಮುಷ್ಟಿ ಹುಡುಕು. ಒಮೇಗಾ ಮಸುಕಾಗಿಯಾದರೂ ಸಿಗುತ್ತೆ. ಸಿಕ್ಕಿದ ಮೇಲೆ ಮಹಡಿಯ ನಾಲ್ಕು ಮನೆಯವರಿಗೆ ತೋರಿಸು. ತಾರಸಿಯ ದೀಪ ಆರಿಸೋಣ ಅಂತ ಆಗ ಕೇಳು. ನೋಡಿದವರು ಇಲ್ಲ ಅನ್ನುವುದಿಲ್ಲ.

— ಇನ್ನೂ ಕೆಳಗೆ ಏನಾದರೂ ಇದೆಯಾ, ನೀವು ನೋಡದೇ ಉಳಿದದ್ದು?

— ಇದೆ. ತುಕಾನಾ ರಾಶಿಯ 47ನೆಯದು. ಗೋಳಗುಚ್ಛಗಳಲ್ಲಿ ಒಮೇಗಾ ಬಿಟ್ಟರೆ ಅದೇ ಪ್ರಕಾಶಮಾನ. 72 ಡಿಗ್ರಿ ದಕ್ಷಿಣ. ಇಲ್ಲಿ ನಾಲ್ಕು ಡಿಗ್ರಿಗೆ ಬರುತ್ತೆ, ಗುಡ್ಡ ಐದು ಡಿಗ್ರಿ ಮುಚ್ಚಿದೆ. ಡಿಸೆಂಬರ್ ಮೊದಲ ವಾರ, ರಾತ್ರಿ ಎಂಟರ ಸುಮಾರಿಗೆ ಅದು ತೆಂಕಣದ ರೇಖೆಯಲ್ಲಿರುತ್ತೆ. ಕನ್ಯಾಕುಮಾರಿಯಲ್ಲಿ ನಿಂತರೆ ಎದುರಿಗೆ ಬರೀ ಸಮುದ್ರ, ಹತ್ತು ಡಿಗ್ರಿ ಎತ್ತರ.

— ಡಿಸೆಂಬರಿನ ಅಮಾವಾಸ್ಯೆಗೆ ನಾನು ರಜೆ ಹಾಕುತ್ತೇನೆ. ನೀವು ಬೈನಾಕ್ಯುಲರ್ ತನ್ನಿ.

— ತರುತ್ತೇನೆ. ಈಗ ಪುಸ್ತಕ ತೆಗೆದು ಇವತ್ತಿನದನ್ನು ನೀನೇ ಬರೆ. ದಿನಾಂಕ, ಹೊತ್ತು, ಅಂಚು ಎಷ್ಟು ತಿಳಿಯಾಗಿತ್ತು, ಏನೇನು ಕಂಡಿತು. ಕೊನೆಯ ಸಾಲಿನಲ್ಲಿ ಗುಡ್ಡದ ಮೇಲಿನ ಬೆಳಕು ಎಷ್ಟು ಡಿಗ್ರಿ ಅಂತಲೂ ಬರೆ. ಬರೆದು ಒಳಗೆ ಹೋಗುವಾಗ ಹಿಂದಿನ ಬಾಗಿಲಿನ ದೀಪ ಆರಿಸಿಬಿಡು. ಅದು ಯಾರಿಗೂ ಬೇಕಾಗಿಲ್ಲ.